ಗೋಡೆಯಾಚೆಯ ಕೊನೆಯ ಬಟ್ಟಲು

ಶ್ರುತಿಯಪ್ಪನವರ ಕಿವಿ ಎಂಥದ್ದೆಂದರೆ, ಬೀದಿಯ ತುದಿಯಲ್ಲಿ ಯಾರದೋ ಸೈಕಲ್ಲಿನ ಬೆಲ್ಲು ತುಸು ಸಡಿಲವಾಗಿದ್ದರೂ ಅವರಿಗೆ ಊಟ ರುಚಿಸುತ್ತಿರಲಿಲ್ಲ. ಹಾರ್ಮೋನಿಯಂ, ಅಕಾರ್ಡಿಯನ್ನುಗಳನ್ನು ಬಿಚ್ಚಿ, ಒಳಗಿನ ಹಿತ್ತಾಳೆಯ ಸ್ವರಪಟ್ಟಿಗಳನ್ನು ಅರದಿಂದ ಕೂದಲೆಳೆಯಷ್ಟು ಕೆರೆದು ಶ್ರುತಿಗೆ ತರುವುದು ಅವರ ಕಸುಬು. ಹೆತ್ತವರು ಇಟ್ಟ ಹೆಸರು ಎಂದೋ ಮೂಲೆ ಸೇರಿ, ಬೀದಿಯವರ ಬಾಯಲ್ಲಿ ಶ್ರುತಿಯಪ್ಪ ಎಂಬುದೇ ನಿಂತುಹೋಗಿತ್ತು. ಒಂದೇ ಸ್ವರದ ಎರಡು ಪಟ್ಟಿಗಳನ್ನು ಒಟ್ಟಿಗೆ ನುಡಿಸಿದಾಗ ನಡುವೆ ಒಂದು ಅಲೆ ಏಳುತ್ತದೆ. ಕೆರೆಯುತ್ತ ಹೋದಂತೆ ಆ ಅಲೆ ಸಣ್ಣದಾಗಿ, ಇನ್ನೂ ಸಣ್ಣದಾಗಿ, ಕೊನೆಗೆ ಇಲ್ಲವಾಗಿ ಎರಡು ದನಿ ಒಂದಾಗಬೇಕು. ಆ ಗಳಿಗೆಗಾಗಿ ಅವರು ಕಣ್ಣು ಮುಚ್ಚಿ ಕಾಯುತ್ತಿದ್ದರು. ದೇವರು ಹತ್ತಿರ ಸುಳಿಯುವುದಿದ್ದರೆ ಆಗಲೇ ಎಂಬುದು ಅವರ ನಂಬಿಕೆ. ಯಾರ ಮುಂದೆಯೂ ಬಾಯಿಬಿಟ್ಟು ಹೇಳಿದವರಲ್ಲ.

ಅಂಥ ಗಳಿಗೆಯಲ್ಲಿ ಗೋಡೆಯಾಚೆಯಿಂದ ‘ಭೌ’ ಎಂದರೆ ಹೇಗಾಗಬೇಡ!

ಗೋಡೆಯಾಚೆ ಇದ್ದವಳು ನಾಯಿಯಮ್ಮ. ಪಶು ಆಸ್ಪತ್ರೆಯಲ್ಲಿ ನರ್ಸಾಗಿ ತಲೆ ಹಣ್ಣಾಗಿಸಿಕೊಂಡು, ನಿವೃತ್ತಿಯಾದ ಮೇಲೆ ದೊಡ್ಡ ಹಿತ್ತಿಲಿರುವ ಆ ಮನೆ ಹಿಡಿದಿದ್ದಳು. ಪರವೂರಿಗೆ ಹೋಗುವವರು ತಮ್ಮ ನಾಯಿಗಳನ್ನು ಅವಳಲ್ಲಿ ಬಿಟ್ಟುಹೋಗುತ್ತಿದ್ದರು. ಕೆಲವರು ವಾಪಸು ಬಂದು ಕರೆದೊಯ್ಯುತ್ತಿದ್ದರು, ಕೆಲವರು ಅತ್ತಲಾಗೆ ಮರೆತೇಬಿಡುತ್ತಿದ್ದರು. ಮರೆತವರ ನಾಯಿಗಳೇ ಈಗ ಹೆಚ್ಚು. ಆದರೆ ನಗರದ ನಕ್ಷೆಯಲ್ಲಿ ಆ ಬೀದಿ ಜನ ವಾಸಿಸುವ ಜಾಗ. ಅಲ್ಲಿ ಇಷ್ಟು ನಾಯಿ ಸಾಕಬೇಕೆಂದರೆ ಯೋಜನಾ ಕಚೇರಿಯ ಅನುಮತಿ ಬೇಕು. ಅನುಮತಿ ಸಿಗದಿದ್ದರೆ ಗೂಡು ಖಾಲಿ ಮಾಡಬೇಕು. ಹಿಂದುಮುಂದಿಲ್ಲದ ಆ ನಾಯಿಗಳಿಗೆ ಹೋಗಲು ಬೇರೆ ಜಾಗವಿರಲಿಲ್ಲ.

ಅವಳು ಹಾಕಿದ ಅರ್ಜಿಗೆ ಇಡೀ ಬೀದಿಯಲ್ಲಿ ಆಕ್ಷೇಪಣೆ ಕೊಟ್ಟವರು ಶ್ರುತಿಯಪ್ಪನವರೊಬ್ಬರೇ. ಸುಮ್ಮನೆ ಕೊಟ್ಟಿರಲಿಲ್ಲ. ಸಂಗೀತ ಶಾಲೆಯವರು ಒಂದು ಹಾರ್ಮೋನಿಯಂ ವಾಪಸು ಕಳಿಸಿದ್ದರು, ಮೇಲಿನ ಷಡ್ಜ ನಡುಗುತ್ತದೆಂದು. ಕಸುಬಿಗೆ ಕೈ ಹಾಕಿದಂದಿನಿಂದ ಅವರ ಕೈಯಿಂದ ಹೋದ ಪೆಟ್ಟಿಗೆ ತಿರುಗಿ ಬಂದದ್ದು ಅದೇ ಮೊದಲು.

“ನಾಯಿ ಬೊಗಳೋದು ನಿಮ್ ಕಿವಿಗೆ ಚೆನ್ನಾಗ್ ಕೇಳ್ಸುತ್ತೆ. ನಾನು ಅಡುಗೆಮನೆಯಿಂದ ಗಂಟಲು ಹರ್ಕೊಂಡ್ರೂ ಕೇಳ್ಸಲ್ಲ” ಎಂದು ಹೆಂಡತಿ ಚುಚ್ಚುತ್ತಿದ್ದಳು. “ಅದೆಂಥಾ ಕಿವೀನೋ, ಬೇಕಾದ್ದಕ್ಕೆ ತೆಗ್ಯೋದು, ಬೇಡಾದ್ದಕ್ಕೆ ಮುಚ್ಚೋದು.”

“ನೀನು ಶ್ರುತಿ ಬಿಟ್ಟು ಕೂಗ್ತೀಯ, ಅದಕ್ಕೆ.”

“ಅಯ್ಯೋ, ಕಟ್ಕೊಂಡಾಗಿಂದ ಕೆರೀತಾನೇ ಇದ್ದೀರಲ್ಲ, ಇನ್ನೂ ಸರಿಹೋಗಿಲ್ವಾ?”

ದಿನವಿಡೀ ಕೆಲಸ ಕೆಡುತ್ತಿತ್ತು, ನಿಜ. ಆದರೂ ಸಂಜೆ ಒಂದು ಹೊತ್ತು ಬರುತ್ತಿತ್ತು. ಆಚೆ ನಾಯಿಯಮ್ಮ ಒಂದೊಂದೇ ಹೆಸರು ಹಿಡಿದು ಕರೆಯುವುದು ಕೇಳುತ್ತಿತ್ತು; ಆಮೇಲೆ ಯಾರೋ ಬಟ್ಟೆ ಹೊದಿಸಿದ ಹಾಗೆ ಹಿತ್ತಿಲೆಲ್ಲ ನಿಶ್ಶಬ್ದ. ಆ ನಿಶ್ಶಬ್ದದೊಳಗೆ ಒಂದೇ ಒಂದು ಸಣ್ಣ ಸದ್ದು: ಟಕ್, ಟಕ್, ಸರ್... ಟಕ್, ಟಕ್, ಸರ್... ನಾಯಿಯಮ್ಮ ಏನನ್ನೋ ಎಳೆದುಕೊಂಡು ಹೋಗುತ್ತಾಳೆಂದು ಅವರು ಅಂದುಕೊಂಡಿದ್ದರು. ಸದ್ದು ನಿಲ್ಲುತ್ತಲೇ ಬಟ್ಟಲುಗಳ ಗಲಗಲ. ಅಷ್ಟರೊಳಗೆ ಶ್ರುತಿಯಪ್ಪನವರು ದಿನದ ಕೊನೆಯ ಸ್ವರವನ್ನು ನೋಡಿ ಮುಗಿಸುತ್ತಿದ್ದರು. ಇತ್ತೀಚೆಗೆ ಸರಿಬಂದ ಸ್ವರಗಳೆಲ್ಲ ಆ ಹೊತ್ತಿನಲ್ಲಿ ಬಂದವೇ.

ಹೀಗಿರುವಾಗ ಯೋಜನಾ ಕಚೇರಿಯ ಅಧಿಕಾರಿ ಸದ್ದು ಅಳೆಯುವ ಯಂತ್ರ ಹಿಡಿದು ಬಂದದ್ದು ಸಂಜೆ, ಸರಿಯಾಗಿ ಅದೇ ಹೊತ್ತಿಗೆ.

“ಈಗ ಬಂದ್ರೆ ಏನ್ ಕೇಳುತ್ತೆ ಸಾರ್?” ಶ್ರುತಿಯಪ್ಪನವರಿಗೆ ಅಳುವಂತಾಯಿತು. “ಈ ಹೊತ್ತಲ್ಲಿ ಅವು ಉಸಿರೆತ್ತಲ್ಲ. ಬೆಳಿಗ್ಗೆ ಬನ್ನಿ, ತಮಾಷೆ ನೋಡಿ.”

“ಬೆಳಿಗ್ಗೆ ನನಗೆ ಬೇರೆ ಬೀದಿ ಇದೆ ಸ್ವಾಮಿ” ಎಂದ ಅಧಿಕಾರಿ. ದಪ್ಪನೆಯ, ಒಳ್ಳೆಯ ಮನುಷ್ಯ, ನಾಯಿಯೆಂದರೆ ಪ್ರಾಣಭಯ. ಅದಕ್ಕೇ ಗೋಡೆಯ ಈಚೆಯಿಂದಲೇ ಅಳೆಯುತ್ತೇನೆಂದು ಹಟ ಹಿಡಿದಿದ್ದ. “ಮುಳ್ಳು ಕೆಂಪು ಗೆರೆ ದಾಟದಿದ್ರೆ ಅವರಿಗೆ ಅನುಮತಿ. ದಾಟಿದ್ರೆ ಇಲ್ಲ. ದಾಟಿದ್ಮೇಲೂ ಕೊಡ್ಬೇಕು ಅಂದ್ರೆ, ಗೋಡೆ ಹಂಚಿಕೊಂಡ ಮನೆಯವರು, ಅಂದ್ರೆ ನೀವು, ಆಕ್ಷೇಪಣೆ ವಾಪಸ್ ತಗೋಬೇಕು.”

“ಆ ಮಾತೇ ಇಲ್ಲ.”

“ಹಾಗಾದ್ರೆ ಯಂತ್ರ ಹೇಳಿದ್ದೇ ಸರಿ.”

ಹೆಂಡತಿ ಒಳಗಿನಿಂದ ಬೆಂಚು ತಂದಿಟ್ಟಳು. ಗೋಡೆ ಆಳೆತ್ತರಕ್ಕಿಂತ ಮೇಲಿತ್ತು. ಅಧಿಕಾರಿ ಹತ್ತಿ ಯಂತ್ರವನ್ನು ಗೋಡೆಯ ಮೇಲೆ ಕೂರಿಸಿದ; ಪಕ್ಕದಲ್ಲಿ ಶ್ರುತಿಯಪ್ಪನವರೂ ಹತ್ತಿ ನಿಂತರು. ಇಷ್ಟು ಕಾಲ ಆ ಹಿತ್ತಿಲನ್ನು ಕೇಳಿದ್ದರೇ ಹೊರತು ಒಮ್ಮೆಯೂ ನೋಡಿರಲಿಲ್ಲ.

ಗುಡಿಸಿದ ಸಿಮೆಂಟಿನ ನೆಲ. ಅದರ ಮೇಲೆ ಸಾಲಾಗಿ ತಗಡಿನ ಬಟ್ಟಲುಗಳು, ಹಬೆಯಾಡುವ ಗಂಜಿ. ಗೂಡುಗಳ ಬಾಗಿಲು ತೆರೆದೇ ಇದ್ದವು. ಒಂದು ನಾಯಿಯೂ ಹೊಸಿಲು ದಾಟಿರಲಿಲ್ಲ. ನಾಯಿಯಮ್ಮ ಗೋಡೆಯ ಮೇಲಿನ ಯಂತ್ರವನ್ನು ಕಂಡಳು. ಅವಳ ಮುಖ ಬಿಳುಚಿಕೊಂಡಿತು. ಆದರೂ ಕರೆಯತೊಡಗಿದಳು.

“ಬೂದಿ, ಬಾಮ್ಮ.”

ಬೂದಿ ಬಣ್ಣದ ಹೆಣ್ಣುನಾಯಿ ಬಂದು ತನ್ನ ಬಟ್ಟಲಿನ ಮುಂದೆ ಕೂತಿತು. ಬಾಯಿ ಹಾಕಲಿಲ್ಲ.

“ಗುಂಡ. ನಿಧಾನ, ನಿಧಾನ. ಸಿಡುಕಾ, ನೀನೂ ಬಾರಪ್ಪ.”

ಒಂದೊಂದೇ ಬಂದವು. ಕಿವಿ ಹರಿದದ್ದು, ಕಣ್ಣಿಗೆ ಪೊರೆ ಬಂದದ್ದು, ಮೈಯೆಲ್ಲ ಮೂಳೆಯಾದದ್ದು, ಕರುವಿನಷ್ಟು ದೊಡ್ಡದು. ಬಂದವು ಬಂದಲ್ಲೇ ಕೂತವು. ನಾಲಿಗೆಯಿಂದ ಜೊಲ್ಲು ತೊಟ್ಟಿಕ್ಕುತ್ತಿತ್ತು. ಮೂತಿ ಮಾತ್ರ ಬಟ್ಟಲಿಗೆ ಇಳಿಯಲಿಲ್ಲ. ಯಂತ್ರದ ಮುಳ್ಳು ಮಲಗಿಯೇ ಇತ್ತು.

“ಇದೇನ್ರೀ ಇದು” ಎಂದು ಅಧಿಕಾರಿ ಪಿಸುಗುಟ್ಟಿದ. “ನಮ್ಮ ಕಚೇರಿ ಕ್ಯಾಂಟೀನಲ್ಲಿ ಇಷ್ಟು ಶಿಸ್ತಿಲ್ಲ.”

ಕೊನೆಗೆ ಒಂದೇ ಒಂದು ಜಾಗ ಉಳಿಯಿತು. ಅಲ್ಲಿ ಬಟ್ಟಲಿರಲಿಲ್ಲ. ಗಾಬರಿಯಲ್ಲಿದ್ದ ನಾಯಿಯಮ್ಮನ ಬಾಯಿ ದಿನದ ರೂಢಿಯನ್ನೇ ಹಿಡಿದು ನಡೆಯಿತು.

“ತಾತಾ... ಬಾರಪ್ಪ, ನಿನಗೋಸ್ಕರ ಎಲ್ರೂ ಕಾಯ್ತಿದ್ದಾರೆ.”

ಅಂದವಳೇ ಬಾಯಿಗೆ ಕೈ ಅಡ್ಡ ಹಿಡಿದಳು.

ನಾಯಿಗಳೆಲ್ಲ ಒಟ್ಟಿಗೆ ತಲೆ ತಿರುಗಿಸಿ ಮೂಲೆಯ ಗೂಡಿನತ್ತ ನೋಡಿದವು. ಬಾಗಿಲು ತೆರೆದಿತ್ತು. ಒಳಗೆ ಮಡಿಸಿಟ್ಟ ಕಂಬಳಿ.

ಶ್ರುತಿಯಪ್ಪನವರು ತಮಗರಿಯದೆಯೇ ಆ ಸದ್ದಿಗೆ ಕಾದರು. ಟಕ್, ಟಕ್, ಸರ್. ಬರಲಿಲ್ಲ. ಆಗ ಅವರಿಗೆ ಹೊಳೆಯಿತು. ಅದು ಯಾರೂ ಏನನ್ನೂ ಎಳೆದ ಸದ್ದಾಗಿರಲಿಲ್ಲ. ಒಂದು ಕಾಲು ಎಳೆಯುವ ಮುದಿ ನಾಯಿಯ ಉಗುರು ಸಿಮೆಂಟಿನ ಮೇಲೆ ಮಾಡುತ್ತಿದ್ದ ಸದ್ದು ಅದು. ಅದು ತನ್ನ ಬಟ್ಟಲು ಮುಟ್ಟುವವರೆಗೆ ಹಸಿದ ಹೊಟ್ಟೆಗಳೆಲ್ಲ ಬಾಯಿಗೆ ಬೀಗ ಹಾಕಿಕೊಂಡು ಕಾಯುತ್ತಿದ್ದವು. ಆ ಕಾಯುವಿಕೆಯ ಒಳಗೆ ಕೂತು ತಾವು ಇಷ್ಟು ದಿನ ಸ್ವರ ಸರಿಮಾಡಿದ್ದು!

“ಬೆಳಿಗ್ಗೆ ತಾನೇ ಮಣ್ಣು ಮಾಡಿದ್ದೆ” ಎಂದಳು ನಾಯಿಯಮ್ಮ, ಯಾರಿಗೆಂದಿಲ್ಲದೆ. “ಮರೆತು ಕರೆದುಬಿಟ್ಟೆ.”

ಮೊದಲು ಬೂದಿ ಕತ್ತೆತ್ತಿತು. ಬೊಗಳಲಿಲ್ಲ, ಒಂದು ನೀಳ ದನಿ ಬಿಟ್ಟಿತು. ಗುಂಡ ಅದರ ಕೆಳಗೆ ತನ್ನ ದನಿ ಹಾಸಿತು. ಸಿಡುಕ ಅದೇ ಸ್ವರಕ್ಕೆ ಬಂದು ತಾಗಿ, ತಾಗಿದ್ದು ತಿಳಿದ ಹಾಗೆ ತುಸು ಮೇಲೆ ಜಾರಿ ನಿಂತಿತು. ಮತ್ತೊಂದು, ಮಗದೊಂದು. ಬಂದದ್ದೆಲ್ಲ ಇನ್ನೊಂದರ ಸ್ವರವನ್ನು ತುಳಿಯದೆ ತನ್ನದೊಂದು ಎಡೆ ಹುಡುಕಿಕೊಂಡಿತು. ಆಕಾಶವೇ ಒಂದು ಪೆಟ್ಟಿಗೆಯಾಗಿ, ಯಾರೋ ಕಾಣದ ಕೈ ಎಲ್ಲ ಸ್ವರದ ಮನೆಗಳನ್ನೂ ಒಟ್ಟಿಗೆ ಒತ್ತಿ ತಿದಿ ಎಳೆದಂತೆ ಆ ದನಿ ತುಂಬಿಕೊಂಡು ಏರಿತು. ಬೆಂಚು ಕಾಲಡಿಯಲ್ಲಿ ಕಂಪಿಸಿತು. ಶ್ರುತಿಯಪ್ಪನವರ ಮೈ ಜುಮ್ಮೆಂದಿತು, ಕಣ್ಣು ತಾವಾಗಿಯೇ ಮುಚ್ಚಿದವು. ಎರಡು ದನಿಯನ್ನು ಒಂದು ಮಾಡುವುದರಲ್ಲಿ ಜನ್ಮ ಸವೆಸಿದ ಕಿವಿ ಅದು. ಇಷ್ಟೊಂದು ದನಿ ಒಂದೂ ಒಂದಾಗದೆ, ಒಂದೂ ಒಡೆಯದೆ ನಿಲ್ಲಬಹುದೆಂದು ಅದಕ್ಕೆ ಯಾರೂ ಕಲಿಸಿರಲಿಲ್ಲ. ಕೆಳಗೆ ನಿಂತಿದ್ದ ಹೆಂಡತಿ ತಲೆ ಬಾಗಿಸಿದ್ದಳು.

ಬಂದ ಹಾಗೆಯೇ ದನಿ ಇಳಿಯಿತು. ಮುಳ್ಳು ಗೆರೆ ದಾಟಿ ಎಷ್ಟೋ ಹೊತ್ತಾಗಿತ್ತು.

ಅಧಿಕಾರಿ ಯಂತ್ರವನ್ನು ಗೋಡೆಯಿಂದ ಎತ್ತಿಕೊಂಡ. “ದಾಟ್ತು ಸ್ವಾಮಿ. ನೀವು ಹೇಳಿದ್ದೇ ನಿಜವಾಯ್ತು.” ದನಿಯಲ್ಲಿ ಸಂತೋಷವಿರಲಿಲ್ಲ.

ಶ್ರುತಿಯಪ್ಪನವರು ಹಿತ್ತಿಲನ್ನೇ ನೋಡುತ್ತಿದ್ದರು. ಗಂಜಿ ಆರುತ್ತಿತ್ತು. ಒಂದು ನಾಯಿಯೂ ಮುಟ್ಟಿರಲಿಲ್ಲ. “ತಿನ್ರಪ್ಪಾ, ತಿನ್ನಿ” ಎಂದು ನಾಯಿಯಮ್ಮ ಅಂಗಲಾಚಿದಳು. ಅವು ಅವಳ ಮುಖ ನೋಡಿದವು, ಮೂಲೆಯ ಗೂಡು ನೋಡಿದವು.

“ನಾಯಿಯಮ್ಮಾ” ಎಂದರು ಶ್ರುತಿಯಪ್ಪನವರು. ಗೋಡೆಯ ಮೇಲಿಂದ ಅವಳೊಡನೆ ಆಡಿದ ಮೊದಲ ಮಾತು. “ತಾತನ ಬಟ್ಟಲು ತಂದಿಡಿ. ಇಟ್ಟು ಸ್ವಲ್ಪ ತಡೀರಿ. ನಾನು ಹೇಳ್ತೀನಿ.”

ಅವಳು ಒಳಗೆ ಹೋಗಿ ಅಂಚು ನೆಗ್ಗಿಹೋದ ಹಳೆಯ ಬಟ್ಟಲು ತಂದು ಖಾಲಿ ಜಾಗದಲ್ಲಿಟ್ಟಳು. ಶ್ರುತಿಯಪ್ಪನವರು ಬೆರಳಿನ ಗೆಣ್ಣಿನಿಂದ ಗೋಡೆಯ ಮೇಲೆ ಮೆಲ್ಲಗೆ ಬಡಿದರು, ಅಂಗೈಯಿಂದ ಸವರಿದರು. ಟಕ್, ಟಕ್, ಸರ್. ದಿನಾ ಕೇಳಿದ ನಡಿಗೆ. ಎಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಿತ್ತು ಎಂಬುದೂ ಅವರ ಕಿವಿಯಲ್ಲಿ ಕೂತಿತ್ತು. ನಾಯಿಗಳ ಕಿವಿಗಳೆಲ್ಲ ನಿಗುರಿದವು. ಆ ನಡಿಗೆ ಗೂಡಿನಿಂದ ಹೊರಟು, ಅಂಗಳ ದಾಟಿ, ಬಟ್ಟಲಿನ ತನಕ ಬಂದು ನಿಂತಿತು.

“ಈಗ ಹೇಳಿ” ಎಂದರು.

“ತಿನ್ನಿ” ಎಂದಳು ನಾಯಿಯಮ್ಮ.

ಬಟ್ಟಲುಗಳು ಗಲಗಲ ಎಂದವು.

ಅಧಿಕಾರಿ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡ, ನಾಯಿಯ ಕೂದಲು ನನಗೆ ಆಗುವುದಿಲ್ಲ ಎಂದ. ಅಷ್ಟು ದೂರದಿಂದ ಯಾವ ಕೂದಲೂ ಬಂದಿರಲಿಲ್ಲ.

“ಆಕ್ಷೇಪಣೆ ವಾಪಸ್ ತಗೋತೀನಿ” ಎಂದರು ಶ್ರುತಿಯಪ್ಪನವರು ಬೆಂಚಿನಿಂದ ಇಳಿಯುತ್ತ. “ಗೂಡಿನ ಬಾಗಿಲು ಆಚೆ ಕಡೆಗೆ ತಿರುಗಿಸ್ಲಿ. ಮಧ್ಯಾಹ್ನ ಅವನ್ನ ಬಯಲಿಗೆ ಕರ್ಕೊಂಡು ಹೋಗ್ಲಿ, ಆಗ ನಾನು ಕೆಲಸ ಮಾಡ್ಕೋತೀನಿ.”

“ಮತ್ತೆ ಸಂಜೆಗೆ? ಏನಾದ್ರೂ ಷರತ್ತು ಬರ್ಕೊಳ್ಲಾ?”

“ಸಂಜೆಗೆ ಯಾರೂ ಏನೂ ಬರೀಬೇಡಿ.”

“ನಾನು ಅಡುಗೆಮನೆಯಿಂದ ಕರೆದ್ರೂ ಇವ್ರು ಹೀಗೇ ಕಿವಿಗೊಟ್ಟು ಕಾಯ್ತಾರೇನೋ ನೋಡೋಣ” ಎಂದಳು ಹೆಂಡತಿ, ಬೆಂಚು ಎತ್ತಿಕೊಳ್ಳುತ್ತ. ಅವರು ತಾವೇ ಅದರ ಇನ್ನೊಂದು ತುದಿ ಹಿಡಿದರು.

ಮಾರನೆಯ ಸಂಜೆ ಸಂಗೀತ ಶಾಲೆಯ ಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದರು. ಆಚೆ ಹೆಸರುಗಳು ಒಂದೊಂದೇ ಕೇಳಿ ಮುಗಿದವು. ನಿಶ್ಶಬ್ದ ಇಳಿಯಿತು. ಮೇಲಿನ ಷಡ್ಜವನ್ನು ಸರಿಮಾಡಲು ಇದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಶ್ರುತಿಯಪ್ಪನವರು ಅರವನ್ನು ಕೆಳಗಿಟ್ಟು, ಎದ್ದು ಹೋಗಿ, ಗೋಡೆಯ ಮೇಲೆ ಬೆರಳಿನ ಗೆಣ್ಣು ಇಟ್ಟರು.