ಏರು ಹತ್ತದ ಕಾರಿಗೆ ಹೆಣ್ಣು ಕೇಳುವ ಶಾಸ್ತ್ರ

ಸಲ್ತ್ ಊರಿನಲ್ಲಿ ಸಮತಟ್ಟಾದ ಜಾಗ ಎಂದರೆ ಮನೆಯೊಳಗಿನ ನೆಲ ಮಾತ್ರ. ಅದೂ ಕಟ್ಟಿದ ಮೇಸ್ತ್ರಿ ಒಳ್ಳೆಯವನಾಗಿದ್ದರೆ. ಬಾಗಿಲು ದಾಟಿದರೆ ಒಂದೋ ಏರಬೇಕು, ಇಲ್ಲವೇ ಇಳಿಯಬೇಕು. ಇಂಥ ಊರಿನಲ್ಲಿ ಕಾರು ಕೊಳ್ಳುವವರು ಕೇಳಬೇಕಾದ ಪ್ರಶ್ನೆ ಒಂದೇ: ಏರು ಹತ್ತುತ್ತದೆಯೇ? ರುದೈನಾಳ ಗಂಡ ಮುಹನ್ನದ್ ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕೇಳಿ ತಿಳಿದುಕೊಂಡಿದ್ದ.

ಪರದೆ ಎಷ್ಟು ಅಗಲ, ಚಾವಣಿಯ ಗಾಜು ಎಲ್ಲಿಯತನಕ ಸರಿಯುತ್ತದೆ, ಬಾಗಿಲು ತೆಗೆದಾಗ ನೆಲದ ಮೇಲೆ ಬೀಳುವ ಬೆಳಕಿನಲ್ಲಿ ಕಂಪನಿಯ ಗುರುತು ಮೂಡುತ್ತದೋ ಇಲ್ಲವೋ, ಎಲ್ಲ ಅವನಿಗೆ ಬಾಯಿಪಾಠ. ಚಿಕ್ಕ ಎಸ್‌ಯುವಿ, ಇನ್ನೂ ಸೀಟಿನ ಹೊಸ ವಾಸನೆ ಹೋಗಿಲ್ಲ, ಕೆಳಗೆ ಕಣಿವೆಯ ಬಯಲಿನ ಶೂನೆ ಊರಿನಲ್ಲಿ ಮಾರಾಟಕ್ಕಿದೆ. ಅದನ್ನು ಮಾಡಿದ ಕಂಪನಿಯ ಹೆಸರನ್ನು ಸಲ್ತ್‌ನಲ್ಲಿ ಇಬ್ಬರು ಒಂದೇ ಥರ ಉಚ್ಚರಿಸಿದ್ದನ್ನು ಯಾರೂ ಕೇಳಿರಲಿಲ್ಲ. ಆದರೆ ಅದರ ಗೇರ್ ಬಾಕ್ಸ್ ಬಿಸಿಯಾದರೆ ಕೈಕೊಡುತ್ತದೆ ಎಂಬುದನ್ನು ಮಾತ್ರ ಎಲ್ಲರೂ ಒಂದೇ ಥರ ಹೇಳುತ್ತಿದ್ದರು.

"ಅದು ಹೊಟ್ಟೆಕಿಚ್ಚಿನವರು ಹಬ್ಬಿಸಿದ ಸುದ್ದಿ," ಎಂದ ಮುಹನ್ನದ್.

"ಗೇರ್ ಬಾಕ್ಸಿನ ಮೇಲೆ ಯಾರಿಗ್ರೀ ಹೊಟ್ಟೆಕಿಚ್ಚು?" ಎಂದಳು ರುದೈನಾ.

ತಪಾಸಣಾ ಕೇಂದ್ರದವರು ಕೊಟ್ಟ ವರದಿಯಲ್ಲಿ ಚಾಸಿಸ್‌ಗೆ 'ಒಳ್ಳೆಯದು', ಬಣ್ಣಕ್ಕೆ 'ಒಳ್ಳೆಯದು' ಎಂದಿತ್ತು. ಗೇರ್ ಬಾಕ್ಸಿನ ಎದುರು 'ಸದ್ದು ಇದೆ' ಎಂದು ಬರೆದಿದ್ದರು. ಎಂಥ ಸದ್ದು ಎಂದು ಫೋನು ಮಾಡಿ ಕೇಳಿದ್ದಕ್ಕೆ, "ಗಾಡಿ ಅಂದ್ಮೇಲೆ ಸದ್ದು ಇರುತ್ತಮ್ಮ," ಎಂದು ಆ ಕಡೆಯವನು ತತ್ವಜ್ಞಾನಿಯ ಹಾಗೆ ಉತ್ತರಿಸಿದ.

ಕಾರು ಓಡಿಸಬೇಕಾದವಳು ರುದೈನಾ. ದುಡ್ಡೂ ಅವಳ ಚೀಟಿಯದೇ. ಮುಹನ್ನದ್‌ನ ಕಚೇರಿ ಮನೆಯಿಂದ ಕೂಗಳತೆಯಲ್ಲಿತ್ತು. ಅವನಿಗೆ ಕಾರು ಬೇಕಾಗಿದ್ದದ್ದು ಮನೆ ಮುಂದೆ ನಿಲ್ಲಿಸಲು. ಅವಳಾದರೋ ದಿನಾ ಬೆಳಗ್ಗೆ ರಾಜಧಾನಿ ಅಮ್ಮಾನಿಗೆ ಹೋಗಬೇಕು, ಆಸ್ಪತ್ರೆಯ ಲ್ಯಾಬಿನಲ್ಲಿ ಸಾಲಾಗಿ ಕೂತವರ ರಕ್ತ ತೆಗೆಯಬೇಕು, ಸಂಜೆ ಬಂದು ತನ್ನ ರಕ್ತ ಕುಡಿಯುವವರಿಗೆ ಅಡುಗೆ ಮಾಡಬೇಕು. ಕಾರು ಕಲಿಯುವ ಮುಂಚೆ ಮೈದುನ ತಯಸೀರನ ಪಿಕಪ್ಪಿನಲ್ಲಿ ಹೋಗಿಬರುತ್ತಿದ್ದಳು. ತಯಸೀರ್ ಬಾಡಿಗೆ ತೆಗೆದುಕೊಳ್ಳುತ್ತಿರಲಿಲ್ಲ, ಬದಲಿಗೆ ಬುದ್ಧಿ ಹೇಳುತ್ತಿದ್ದ. ಇವತ್ತು ಯಾಕೆ ತಡ, ಬಾಗಿಲಲ್ಲಿ ನಿಂತು ಮಾತಾಡಿಸಿದ ಡಾಕ್ಟರು ಯಾರು, ಹೆಂಗಸಿಗೆ ಓವರ್‌ಟೈಮ್ ಯಾಕೆ. ಆಮೇಲೆ ತೀರಿಹೋದ ಅಪ್ಪನ ಜಪಾನಿ ಕಾರು ಅವಳ ಪಾಲಿಗೆ ಬಂತು. ಅದರ ಎ.ಸಿ. ಅಪ್ಪನಿಗಿಂತ ಮೊದಲೇ ಸತ್ತಿತ್ತು. ಕಿಟಕಿಯ ಗಾಜನ್ನು ಅಂಗೈಯಲ್ಲಿ ಒತ್ತಿ ಮೇಲೆ ಎತ್ತಬೇಕು. ಆದರೆ ಒಂದು ದಿನವೂ ಅದು ಏರಿನಲ್ಲಿ ನಿಂತಿರಲಿಲ್ಲ. ತಡ ಯಾಕೆ ಎಂದೂ ಕೇಳಿರಲಿಲ್ಲ. ಹೊಸ ಕಾರು ದಾರಿಯಲ್ಲಿ ಕೈಕೊಟ್ಟರೆ ಮತ್ತೆ ತಯಸೀರನ ಪಕ್ಕದ ಸೀಟೇ ಗತಿ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹಾಗೆಂದು ಅವಳಿಗೆ ಆಸೆ ಇರಲಿಲ್ಲ ಎಂದಲ್ಲ. ಆಗಸ್ಟಿನಲ್ಲಿ ಲ್ಯಾಬು ತಲುಪುವಷ್ಟರಲ್ಲಿ ಅವಳು ಬೇಯಿಸಿದ ಬದನೆಕಾಯಿಯಂತೆ ಆಗಿರುತ್ತಿದ್ದಳು. ಒಮ್ಮೆ ಅಂಗಡಿಯೊಂದರಲ್ಲಿ ಅಂಥದೇ ಕಾರಿನ ಎತ್ತರದ ಸೀಟಿನಲ್ಲಿ ಕೂತಾಗ ರಸ್ತೆಯ ತಡೆಗೋಡೆಯ ಆಚೆಗಿನ ಕಣಿವೆ ಪೂರ್ತಿ ಕಂಡಿತ್ತು. ಇಷ್ಟು ವರ್ಷ ಗೋಡೆಯ ಕಲ್ಲು ನೋಡಿಕೊಂಡು ಓಡಾಡಿದವಳಿಗೆ ಅದು ಸಣ್ಣ ವಿಷಯವಾಗಿರಲಿಲ್ಲ. ಹಾಗಾಗಿ ತಾನೇ ಒಂದು ದಾರಿ ಹುಡುಕಿಕೊಂಡಳು. ಶುಕ್ರವಾರ ಶೂನೆಗೆ ಇಳಿಯುವುದು, ನಡುಮಧ್ಯಾಹ್ನ, ಎ.ಸಿ. ಹಾಕಿ, ಕಾರಿನ ತುಂಬ ಜನ ಕೂರಿಸಿ, ಅಲ್ಲಿಂದ ಸಲ್ತ್‌ಗೆ ಬರುವ ಶುಐಬ್ ಕಣಿವೆಯ ಏರನ್ನು ಒಮ್ಮೆ ಹತ್ತಿಸಿ ನೋಡುವುದು. ಹತ್ತಿದರೆ ಸರಿ, ಇಲ್ಲದಿದ್ದರೆ ಬೀಗದ ಕೈ ಕೊಟ್ಟು ವಾಪಸು.

ಇಷ್ಟು ಸರಳವಾಗಿ ಒಂದು ಕೆಲಸ ಆಗಿಬಿಟ್ಟರೆ ಮನೆಯಲ್ಲಿ ಹಿರಿಯರು ಯಾಕಿರಬೇಕು? ಸುದ್ದಿ ಮುಹನ್ನದ್‌ನ ಚಿಕ್ಕಪ್ಪ ಹಾಬೆಸ್‌ರ ಕಿವಿಗೆ ಬಿತ್ತು.

ಹಾಬೆಸ್ ಜಾಹಾದ ಮುಂದಾಳು. ಹೆಣ್ಣು ಕೇಳುವುದಿರಲಿ, ಕೊಲೆಯಾದ ಮನೆಗೆ ರಾಜಿಗೆ ಹೋಗುವುದಿರಲಿ, ಹಿರಿಯರ ಗುಂಪು ಕಟ್ಟಿಕೊಂಡು ಜಾಹಾ ಹೋಗುವಾಗ ಮುಂದೆ ನಿಲ್ಲುವುದು ಅವರೇ. ಆತಿಥೇಯರು ಕೊಟ್ಟ ಕಾಫಿಯನ್ನು ಮುಟ್ಟದೆ ನೆಲಕ್ಕಿಟ್ಟು, ನಮ್ಮ ಮಾತು ನಡೆಸಿಕೊಟ್ಟರೆ ಕುಡಿಯುತ್ತೇವೆ ಎನ್ನುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಆದರೆ ಆ ಬೇಸಿಗೆ ಮದುವೆಗಳೆಲ್ಲ ಮಕ್ಕಳ ಪರೀಕ್ಷೆ ಮುಗಿಯಲಿ ಎಂದು ಕಾಯುತ್ತಿದ್ದವು, ಕೊಲೆಯೂ ಯಾವುದೂ ಆಗಿರಲಿಲ್ಲ. ಇಸ್ತ್ರಿಯಾಗಿ ಬಂದ ಅವರ ಕಂದು ನಿಲುವಂಗಿ ಮೊಳೆಗೆ ನೇತುಬಿದ್ದು ಒಣಗುತ್ತಿತ್ತು.

"ಗುರುತಿಲ್ಲದ ಗಂಡಸಿನ ಮನೆಗೆ ಹಿರಿಯರಿಲ್ಲದೆ ಹೋಗ್ತೀರಾ?" ಎಂದರು ಹಾಬೆಸ್. "ಏನು, ತರಕಾರಿ ತರೋಕೆ ಹೊರಟಿದೀರಾ?"

"ಬರೀ ಓಡಿಸಿ ನೋಡೋಕೆ, ಮಾವ," ಎಂದಳು ರುದೈನಾ.

"ಓಡಿಸು ಮಗಳೇ, ಯಾರು ಬೇಡ ಅಂದ್ರು? ನಾವು ಸುಮ್ನೆ ಜೊತೆಗಿರ್ತೀವಿ."

ಅವರು ತಮ್ಮ ಜೊತೆಗೆ ಇನ್ನೂ ಮೂವರು ಹಿರಿಯರನ್ನು ಕರೆತಂದರು. ನಾಲ್ವರ ಹೊಟ್ಟೆಯಲ್ಲೂ ಜೀವಮಾನದ ಮನ್ಸಫ್ ಇತ್ತು, ಅನ್ನ, ಮಾಂಸ, ಮೊಸರಿನ ಸಾರು ಸಮೇತ. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಭಾರ ಸಿಗುವುದಿಲ್ಲ ಎಂದುಕೊಂಡು ರುದೈನಾ ಸುಮ್ಮನಾದಳು. ತಪ್ಪಾದದ್ದು ಅಲ್ಲಿಯೇ.

ಹಿರಿಯರು ಬಸ್ಸಿನಲ್ಲಿ, ಗಂಡ ಹೆಂಡತಿ ಹಳೆ ಕಾರಿನಲ್ಲಿ ಕೆಳಗೆ ಇಳಿದರು. ಶೂನೆಯಲ್ಲಿ ಮಾರಾಟದ ಕಾರಿನ ಒಡೆಯ ಅಬು ಸಖ್ರ್ ಅಂಗಳಕ್ಕೆ ಬಂದು ಬರಮಾಡಿಕೊಂಡ. ಬಾಳೆತೋಟದ ಸಾದಾ ಮನುಷ್ಯ. ಒಬ್ಬಳು ಹೆಂಗಸು, ಅವಳ ಗಂಡ ಬರುತ್ತಾರೆ ಎಂದುಕೊಂಡಿದ್ದವನ ಎದುರು ನಿಲುವಂಗಿ ತೊಟ್ಟ ನಾಲ್ವರು ಸಾಲಾಗಿ ನಿಂತದ್ದು ಕಂಡು ಅವನ ಮುಖ ಬಿಳುಪೇರಿತು. ತನ್ನ ಮಗ ಎಲ್ಲಿ ಏನು ಮಾಡಿಕೊಂಡಿದ್ದಾನೋ ಎಂದು ಒಮ್ಮೆ ಮನೆಯೊಳಗೆ ಕಣ್ಣು ಹಾಯಿಸಿದ. ಗಂಡಸರು ಹಜಾರಕ್ಕೆ ಹೋದರು. ರುದೈನಾಳನ್ನು ಅವನ ಹೆಂಡತಿ ಉಮ್ಮ್ ಸಖ್ರ್ ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ, ಫ್ಯಾನಿನ ಕೆಳಗೆ ಕೂರಿಸಿ, ಕಾಡುತುಳಸಿಯಂಥ ಎಲೆ ಹಾಕಿದ ಚಹಾ ಕೊಟ್ಟಳು. ಎರಡು ಕೋಣೆಗಳ ನಡುವೆ ಇದ್ದದ್ದು ತೆಳ್ಳನೆಯ ಬಾಗಿಲು.

"ಎಲ್ಲಿ ತಂಗಿ ನಿಮ್ಮನೆ?"

"ಸಲ್ತ್. ಕೋಟೆ ಗುಡ್ಡದ ಮೇಲೆ."

ಉಮ್ಮ್ ಸಖ್ರ್ ಚಹಾದ ಲೋಟ ಕೆಳಗಿಟ್ಟಳು. "ಅಯ್ಯೋ ನನ್ನ ಕಣ್ಣೇ. ಗುಡ್ಡದ ಮೇಲಾ?"

"ಯಾಕಕ್ಕ?"

"ನನ್ನ ಮಗಳನ್ನೂ ಸಲ್ತ್‌ಗೇ ಕೊಟ್ಟಿರೋದು. ಅವಳು ಹೆತ್ತಾಗ ನೋಡೋಕೆ ಹೊರಟ್ವಿ, ಈ ಗಾಡಿ ಅರ್ಧ ಏರಲ್ಲಿ ನಿಂತುಬಿಡ್ತು. ತಣ್ಣಗಾಗಲಿ ಅಂತ ಕಾದು, ಕಾದು... ಮಗು ಬಾಣಂತಿಯನ್ನ ಕರಕೊಂಡು ಅಳಿಯನೇ ಕೆಳಗೆ ಇಳಿದು ಬಂದ. ಇಲ್ಲಿ ಬಯಲಲ್ಲಿ ಅದು ಚಿನ್ನ. ಏರಲ್ಲಿ ಕತ್ತೆ. ಕತ್ತೆಯಾದ್ರೂ ಹೊಡೆದ್ರೆ ಏಳುತ್ತೆ."

"ಮತ್ತೆ ಮಾರ್ತಾ ಇದೀರಲ್ಲ?"

"ಬಯಲಿನವರು ಯಾರಾದ್ರೂ ತಗೊಳ್ಳಲಿ ಅಂತ. ಹೇಳದೆ ಮಾರಬಾರದು ಅಂತ ನಮ್ಮವರಿಂದ ಆಣೆ ಹಾಕಿಸ್ಕೊಂಡಿದೀನಿ. ಹೇಳ್ತಾರೆ, ನೋಡ್ತಿರು."

ರುದೈನಾಳಿಗೆ ಹಗುರವಾಯಿತು. ಆಸೆ ಬಿಟ್ಟಾಗ ಆಗುವ ಸಣ್ಣ ಬೇಜಾರೂ ಆಯಿತು. ಆಗ ಬಾಗಿಲಿನ ಆಚೆ ಸದ್ದಡಗಿತು. ಪಿಂಗಾಣಿ ಬಟ್ಟಲೊಂದನ್ನು ನೆಲಕ್ಕಿಟ್ಟದ್ದು ಸ್ಪಷ್ಟವಾಗಿ ಕೇಳಿಸಿತು. ಇಬ್ಬರು ಹೆಂಗಸರೂ ಮುಖ ಮುಖ ನೋಡಿಕೊಂಡರು.

"ಅಬು ಸಖ್ರ್," ಎಂದು ಹಾಬೆಸ್‌ರ ದನಿ ಏರಿತು, ಮದುವೆ ಮನೆಗಳಲ್ಲಿ ಪಳಗಿದ ದನಿ. "ನಾವು ದೊಡ್ಡವರ ಮನೆಗೆ ದೊಡ್ಡದೊಂದು ಬೇಡಿಕೆ ಇಟ್ಕೊಂಡು ಬಂದಿದೀವಿ. ಅದು ಈಡೇರೋವರೆಗೆ ಈ ಕಾಫಿ ಮುಟ್ಟಲ್ಲ."

"ಇವರಿಗೇನು ಹುಚ್ಚಾ?" ಎಂದಳು ಉಮ್ಮ್ ಸಖ್ರ್, ಸಹಜವಾಗಿ.

ರುದೈನಾ ಗಂಡನಿಗೆ ಮೆಸೇಜು ಬರೆದಳು: 'ಮಾವನ್ನ ತಡೀರಿ. ಏರು ಹತ್ತಲ್ಲ.' ಮುಹನ್ನದ್‌ನ ಫೋನು ಅವನ ಕೈಯಲ್ಲೇ ಇತ್ತು. ಆದರೆ ಅವನು ಚಿಕ್ಕಪ್ಪನ ಭಾಷಣವನ್ನು ವಿಡಿಯೋ ಮಾಡುವುದರಲ್ಲಿ ಮುಳುಗಿದ್ದ.

ಜಾಹಾದ ಮಾತಿನಲ್ಲಿ ಮನೆಯ ಹೆಂಗಸಿನ ಹೆಸರು ತರುವುದು ಮರ್ಯಾದೆಯಲ್ಲ. ಕೊಳ್ಳುವವಳು ಹೆಂಗಸು, ಓಡಿಸುವವಳು ಹೆಂಗಸು. ಯಾರ ಹೆಸರು ಹೇಳುವುದು? ಹಾಬೆಸ್ ಒಂದು ಕ್ಷಣ ತಡವರಿಸಿದಂತೆ ಕಂಡಿತು. ಆಮೇಲೆ ಕುಲದ ಮಾನ ಕಾಪಾಡಿದರು.

"ನಿನ್ನ ಅಂಗಳದಲ್ಲಿರೋ ಬಿಳೀ ಗಾಡೀನ ನಾನು, ಹಾಬೆಸ್, ನನಗೆ ಅಂತ ಕೇಳ್ತಾ ಇದೀನಿ. ಬೆಲೆ ನೀನು ಹೇಳಿದ್ದೇ. ಚೌಕಾಸಿ ಅನ್ನೋ ಮಾತೇ ನಮ್ಮ ಕುಲಕ್ಕೆ ಗೊತ್ತಿಲ್ಲ."

"ಹಿರಿಯರೇ, ಅದಕ್ಕೆ ಮುಂಚೆ ಗಾಡಿ ಬಗ್ಗೆ ಒಂದು ಮಾತು..." ಎಂದ ಅಬು ಸಖ್ರ್.

"ಕಾಫಿ ಆರುತ್ತೆ, ಅಬು ಸಖ್ರ್."

"ಆ ಗೇರ್ ಬಾಕ್ಸು..."

"ಹೆಣ್ಣು ಕೊಡೋ ತಂದೆ ಯಾವಾಗಲೂ ಹೀಗೇ ಹೇಳೋದು. ನಮ್ಮ ಹುಡುಗಿಗೆ ಅಡುಗೆ ಬರಲ್ಲ, ನಮ್ಮ ಹುಡುಗಿಗೆ ಸಿಟ್ಟು ಜಾಸ್ತಿ. ಇದು ದೊಡ್ಡವರ ಮನೆ ಅಂತ ಗೊತ್ತಿದ್ದೇ ಬಂದಿದೀವಿ."

ಆಣೆ ಒಂದು ಕಡೆ, ಆರುವ ಕಾಫಿ ಒಂದು ಕಡೆ. ಮನೆಗೆ ಬಂದ ಜಾಹಾ ಕಾಫಿ ಕುಡಿಯದೆ ಎದ್ದು ಹೋದರೆ ಶೂನೆಯಲ್ಲಿ ಮುಂದೆ ಅವನು ತಲೆಯೆತ್ತಿ ಬಾಳೆಹಣ್ಣು ಮಾರುವ ಹಾಗಿಲ್ಲ. ಅಬು ಸಖ್ರ್ ಉಸಿರು ಬಿಟ್ಟದ್ದು ಬಾಗಿಲಿನ ಈಚೆಗೂ ಕೇಳಿಸಿತು. "ಕುಡೀರಿ. ಗಾಡಿ ನಿಮ್ಮದು."

ನಾಲ್ಕು ಬಟ್ಟಲುಗಳು ಒಟ್ಟಿಗೆ ಮೇಲೆದ್ದವು.

"ಮುಬಾರಕ್, ತಂಗಿ," ಎಂದಳು ಉಮ್ಮ್ ಸಖ್ರ್. "ಇನ್ನೊಂದು ಲೋಟ ಚಹಾ ಕುಡಿ. ಬೇಕಾಗುತ್ತೆ."

ಅಂಗಳದಲ್ಲಿ ರುದೈನಾ ಹೇಳಿ ನೋಡಿದಳು. "ಮಾವ, ಇದು ಏರು ಹತ್ತಲ್ವಂತೆ. ಗಾಡಿ ಮಾರೋ ಮನೆಯವರೇ ಹೇಳ್ತಾ ಇದಾರೆ."

"ಮುಗೀತು ಮಗಳೇ. ಕಾಫಿ ಕುಡಿದಾಯ್ತು." ಹಾಬೆಸ್‌ರ ಮುಖ ಬೆಳಗುತ್ತಿತ್ತು; ಹೀಗೆ ಬೆಳಗಿ ಎಷ್ಟು ತಿಂಗಳಾಗಿತ್ತೋ. "ಹತ್ತು ನೀನು."

ಬೇಡ ಎಂದು ಅಲ್ಲಿಯೇ ನಿಲ್ಲಬಹುದಿತ್ತು. ಅವಳು ನಿಲ್ಲಲಿಲ್ಲ. ತಾನು ಬಂದದ್ದು ಏರು ಹತ್ತಿಸಿ ನೋಡಲು. ಅದನ್ನಾದರೂ ಮಾಡೋಣ, ಗಾಡಿ ಕೇಳಿದವರೂ ನೋಡಲಿ ಎಂದುಕೊಂಡಳು. ಹಾಬೆಸ್ ಮುಂದೆ ಕೂತರು, ಮೂವರು ಹಿರಿಯರು ಹಿಂದೆ ಒತ್ತಿಕೊಂಡರು. ಮುಹನ್ನದ್ ಹಳೆ ಕಾರಿನಲ್ಲಿ ಹಿಂಬಾಲಿಸಿದ.

ಬಯಲಿನಲ್ಲಿ ಕಾರು ನಿಜಕ್ಕೂ ಚಿನ್ನ. ತಣ್ಣನೆಯ ಗಾಳಿ ಮುಖಕ್ಕೆ ಬಂತು. ಎತ್ತರದ ಸೀಟಿನಿಂದ ತೋಟ, ಕಾಲುವೆ, ಆಚೆ ಬೂದುಬಣ್ಣದ ಬೆಟ್ಟ, ಎಲ್ಲ ಒಟ್ಟಿಗೆ ಕಂಡವು. ಸ್ಟೀರಿಂಗು ಬೆರಳ ತುದಿಯಲ್ಲಿ ತಿರುಗುತ್ತಿತ್ತು. ಉಮ್ಮ್ ಸಖ್ರ್ ಸುಳ್ಳು ಹೇಳಿರಲಿ ಎಂದು ರುದೈನಾ ಮನಸ್ಸಿನಲ್ಲೇ ಬೇಡಿಕೊಂಡಳು. ಎಂಥ ಒಳ್ಳೆಯ ಹೆಂಗಸು, ಒಂದು ಸುಳ್ಳು ಹೇಳಿದ್ದರೆ ಏನಾಗುತ್ತಿತ್ತು?

ಹೇಳಿರಲಿಲ್ಲ. ಶುಐಬ್ ಕಣಿವೆಯ ದಾಳಿಂಬೆ ಅಂಗಡಿಗಳನ್ನು ದಾಟಿ, ರಸ್ತೆ ಮೊಣಕೈಯಂತೆ ಮಡಚಿಕೊಳ್ಳುವ ತಿರುವಿನಲ್ಲಿ ಕಾರು ಒಮ್ಮೆ ನಡುಗಿತು. ಅಗಲವಾದ ಆ ಪರದೆಯ ಮೇಲೆ, ಮುಹನ್ನದ್ ಅಷ್ಟು ಹೊಗಳಿದ್ದ ಬಣ್ಣಗಳಲ್ಲಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಎಂಬ ಸೂಚನೆ ಮೂಡಿತು. ಸುರಕ್ಷಿತ ಜಾಗಕ್ಕೆ ಹೋಗುವಷ್ಟು ಶಕ್ತಿಯನ್ನು ಮಾತ್ರ ಕೊಡಲಿಲ್ಲ. ಹಿಂದೆ ಬರುತ್ತಿದ್ದ ಹಳೆ ಕಾರು ಹಾರ್ನ್ ಹೊಡೆದು, ಪಕ್ಕದಿಂದ ಹತ್ತಿ ಹೋಗಿ, ಮೇಲೆ ನಿಂತಿತು.

ನಿಲುವಂಗಿಗಳು ಒಂದೊಂದಾಗಿ ಇಳಿದವು. ಹಿರಿಯರು ಕಾರನ್ನು ತಳ್ಳಿದರು. ಎಷ್ಟೋ ಕುಲಗಳ ನಡುವಿನ ಹಗೆಯನ್ನು ಕದಲಿಸಿದ ಕೈಗಳು, ಕಾರು ಕದಲಲಿಲ್ಲ.

"ಗಾಡಿ ಸರಿಯಾಗೇ ಇದೆ," ಎಂದರು ಹಾಬೆಸ್, ಬೆವರು ಒರೆಸುತ್ತ. "ಈ ರಸ್ತೆ ಮಾಡಿದವನು ಸರಿ ಇಲ್ಲ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ," ಎಂದಳು ರುದೈನಾ. "ಇದನ್ನ ವಾಪಸು ಕೊಡಬೇಕು, ಮಾವ."

"ವಾಪಸು? ಜಾಹಾ ಹೋಗಿ ಕೇಳಿ ತಂದದ್ದನ್ನ? ನಮ್ಮಲ್ಲಿ ಯಾವತ್ತಾದ್ರೂ ಹೆಣ್ಣನ್ನ ಅರ್ಧ ದಾರಿಯಿಂದ ತವರಿಗೆ ಕಳಿಸಿದ್ದು ಉಂಟಾ? ಆಡಿದ ಮಾತು ಆಡಿದ್ದೇ."

ರುದೈನಾ ಎಂಜಿನ್ ಆರಿಸಿದಳು. ತಯಸೀರ್ ಪಿಕಪ್ಪಿನ ಬಾಗಿಲು ತೆಗೆದು, 'ಹೇಳಿದ್ನಲ್ಲ ಅತ್ತಿಗೆ' ಎನ್ನುವುದು ಕಣ್ಣಿಗೆ ಕಟ್ಟಿತು. ಅವಳು ಬೀಗದ ಕೈಯನ್ನು ಹಾಬೆಸ್‌ರ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಚಿದಳು.

"ನೀವು ಹೇಳಿದ್ದೇ ಸರಿ, ಮಾವ. ಕೇಳಿದವರು ನೀವು. 'ನನಗೆ' ಅಂತ ಕೇಳಿದ್ರಿ, ಬಾಗಿಲಾಚೆ ನಾನೇ ಕೇಳಿಸ್ಕೊಂಡೆ. ಅವರು ನಿಮಗೆ ಅಂತ ಕೊಟ್ರು. ಕಾಫಿ ಕುಡಿದವರೂ ನೀವೇ. ನಾನು ಕುಡಿದದ್ದು ಚಹಾ. ಮುಬಾರಕ್."

ಹಾಬೆಸ್ ಸಹಾಯಕ್ಕೆ ಹಿರಿಯರ ಕಡೆ ತಿರುಗಿದರು. ಅದು ಆ ದಿನದ ಎರಡನೇ ತಪ್ಪು. ಹಿರಿಯರಿಗೆ ನ್ಯಾಯ ಹೇಳುವ ಅವಕಾಶ ಸಿಗದೆಯೂ ಬಹಳ ತಿಂಗಳಾಗಿತ್ತು. ಎಲ್ಲರಿಗಿಂತ ಹಿರಿಯನಾದ ಇರ್ಶೇದ್ ಅಜ್ಜ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು, ಗಡ್ಡ ನೀವಿಕೊಂಡ.

"ಹಾಬೆಸ್, ನೀನು 'ನನಗೆ' ಅಂದೆಯಾ?"

"ಅಜ್ಜ, ಅದು ಮರ್ಯಾದೆಗೆ. ಹೆಂಗಸಿನ ಹೆಸರು ಹ್ಯಾಗೆ ಹೇಳೋದು?"

"ಅಂದೆಯೋ ಇಲ್ಲವೋ?"

"ವಿಡಿಯೋ ಇದೆ ಅಜ್ಜ," ಎಂದು ಮೇಲಿನಿಂದ ಇಳಿದು ಬಂದ ಮುಹನ್ನದ್ ಉತ್ಸಾಹದಿಂದ ಫೋನು ಮುಂದೆ ಹಿಡಿದ. ಜೀವನದಲ್ಲಿ ಅವನು ಹೆಂಡತಿಗೆ ಮಾಡಿದ ಅತಿ ದೊಡ್ಡ ಉಪಕಾರ ಅದು, ಗೊತ್ತಿಲ್ಲದೆ ಮಾಡಿದ್ದ.

"ಗಾಡಿ ಹಾಬೆಸ್‌ನದು," ಎಂದ ಅಜ್ಜ. ಉಳಿದಿಬ್ಬರೂ ತಲೆಯಾಡಿಸಿದರು. ತೀರ್ಪು ಮುಗಿದ ಮೇಲೆ ಮೂವರೂ ಎದ್ದು, ಮೇಲೆ ನಿಂತಿದ್ದ ಹಳೆ ಕಾರಿನ ಕಡೆಗೆ ನಡೆದರು. ಅಲ್ಲಿ ಎ.ಸಿ. ಇಲ್ಲ ಎಂದು ರುದೈನಾ ಎಚ್ಚರಿಸಿದಳು. "ನಿಂತ ಗಾಡಿ ಎ.ಸಿ.ಗಿಂತ ಓಡೋ ಗಾಡಿ ಸೆಕೆ ಮೇಲು," ಎಂದ ಅಜ್ಜ. ಮುಹನ್ನದ್ ಚಿಕ್ಕಪ್ಪನ ಜೊತೆ ಉಳಿಯಬೇಕಾಯಿತು, ಕಾರು ತಣ್ಣಗಾಗುವವರೆಗೆ.

ಹಾಬೆಸ್ ಮಾತಿನ ಮನುಷ್ಯ. ಬೆಲೆ ಪೂರ್ತಿ ಕೊಟ್ಟರು, ಚೌಕಾಸಿ ಮಾಡಲಿಲ್ಲ. ಸಲ್ತ್‌ನ ಗುಡ್ಡಗಳನ್ನು ಕಾರು ಒಪ್ಪದ ಕಾರಣ ಅದೀಗ ಶೂನೆಯಲ್ಲಿ, ಅಬು ಸಖ್ರನ ಅಂಗಳದಲ್ಲೇ ನಿಂತಿದೆ. ವಾರಕ್ಕೊಮ್ಮೆ ಹಾಬೆಸ್ ನಿಲುವಂಗಿ ತೊಟ್ಟು ಬಸ್ಸಿನಲ್ಲಿ ಕೆಳಗೆ ಇಳಿಯುತ್ತಾರೆ, ಬಯಲಿನಲ್ಲಿ ತಮ್ಮ ಕಾರನ್ನು ಅಣೆಕಟ್ಟಿನವರೆಗೆ ಓಡಿಸಿ ತಂದು ನಿಲ್ಲಿಸುತ್ತಾರೆ, ಬಸ್ಸಿನಲ್ಲಿ ಮನೆಗೆ ಹತ್ತುತ್ತಾರೆ. ಅಬು ಸಖ್ರ್ ಪ್ರತಿಸಲ ಕಾಫಿ ಕೊಡುತ್ತಾನೆ. ಈಗ ಅವರು ಬಟ್ಟಲನ್ನು ಕೆಳಗಿಡುವುದಿಲ್ಲ, ಕೈಗೆ ಬಂದ ಕೂಡಲೇ ಕುಡಿದುಬಿಡುತ್ತಾರೆ ಎಂದು ಉಮ್ಮ್ ಸಖ್ರ್ ಫೋನಿನಲ್ಲಿ ಹೇಳುತ್ತಾಳೆ.

ರುದೈನಾ ಚೀಟಿಯ ದುಡ್ಡಿನಲ್ಲಿ ಹಳೆ ಕಾರಿಗೆ ಎ.ಸಿ. ಹಾಕಿಸಿದಳು. ಸೀಟಿನ ಮೇಲೆ ಒಂದು ದಪ್ಪ ದಿಂಬನ್ನೂ ಹಾಕಿಕೊಂಡಿದ್ದಾಳೆ. ಕಣಿವೆ ಪೂರ್ತಿ ಕಾಣುವುದಿಲ್ಲ. ತಡೆಗೋಡೆಯ ಮೇಲೆ ಒಂದು ಬೆರಳಿನಷ್ಟು ಕಾಣುತ್ತದೆ.