ಎದೀ ಪುಡಿ

ಮಣ್ಣು ಸುಡುವ ಆವಿಗೆಯ ಬಾಯಿ ತೆರೆದ ಆ ಮುಂಜಾನೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ನನ್ನನ್ನು ಎತ್ತಿಕೊಂಡ ಕೈ ಕಂಡಿತೇ ಹೊರತು ಕೈಯ ಒಡೆಯನ ಮುಖ ಕಾಣಲಿಲ್ಲ. ಹೀಗಾಗಿ ನನ್ನನ್ನು ಮಾಡಿದವನು ಯಾರೆಂದರೆ ಹೇಳಲಾರೆ. ಮಾಡಿದವನ ಮುಖ ಕಂಡವರು ಲೋಕದಲ್ಲಿ ಬಹಳ ಮಂದಿ ಇಲ್ಲವೆಂದು ಸಮಾಧಾನ ಮಾಡಿಕೊಂಡಿದ್ದೇನೆ. ನಾನು ಔಷಧಿ ಅರೆಯುವ ಪಿಂಗಾಣಿ ಬಟ್ಟಲು. ಹೊರಗೆ ನುಣುಪು, ಒಳಗೆ ತುಸು ಒರಟು. ಜೊತೆಗೆ ಅರೆಯಲು ನನ್ನದೇ ಮಣ್ಣಿನ ಒಂದು ಗುಂಡು.

ಮೊದಲು ನಾನು ರಾಣೆಬೆನ್ನೂರಿನ ಮುದಿ ಡಾಕ್ಟರೊಬ್ಬರ ಕಂಪೌಂಡರನ ಕೈಯಲ್ಲಿದ್ದೆ. ಡಾಕ್ಟರರು ಚೀಟಿ ಬರೆದರೆ ಔಷಧಿ ತಯಾರಾಗುತ್ತಿದ್ದದ್ದು ನನ್ನ ಹೊಟ್ಟೆಯಲ್ಲಿ. ಆಮೇಲೆ ಬಾಟಲಿ ಔಷಧಿಗಳು ಬಂದವು. ಡಾಕ್ಟರರು ಶಿವಪಾದ ಸೇರಿದರು. ಕಂಪೌಂಡರ ನನ್ನನ್ನು ಚನ್ನವೀರಯ್ಯನವರ ಔಷಧಿ ಅಂಗಡಿಗೆ ಕೊಟ್ಟು ಕೈತೊಳೆದುಕೊಂಡ.

ಚನ್ನವೀರಯ್ಯನವರು ಹಣೆಗೆ ಮೂರು ಬೆರಳು ವಿಭೂತಿ ಇಟ್ಟುಕೊಳ್ಳದೆ ಅಂಗಡಿಯ ಬಾಗಿಲು ತೆರೆದವರಲ್ಲ. ಜನ ಅವರನ್ನು ಅಯ್ಯನವರೇ ಎನ್ನುತ್ತಿದ್ದರು. ಸಣ್ಣ ಕೂಸುಗಳಿಗೆಂದು ತಯಾರಾಗದ ಔಷಧಿಗಳು ಇನ್ನೂ ಎಷ್ಟೋ ಇವೆ. ದೊಡ್ಡವರ ಗುಳಿಗೆಯನ್ನೇ ಅರೆದು, ಪಾಲು ಮಾಡಿ, ಪೊಟ್ಟಣ ಕಟ್ಟಬೇಕು. ಆ ಕೆಲಸವನ್ನು ಅವರು ಪೂಜೆಯ ಹಾಗೆ ಮಾತಿಲ್ಲದೆ ಮಾಡುತ್ತಿದ್ದರು. ನಾನು ಕೆಳಗಿನಿಂದ ನೋಡಿದರೆ ಕಾಣುತ್ತಿದ್ದದ್ದು ಅವರ ಗದ್ದ ಮತ್ತು ಕೊರಳ ಲಿಂಗದ ಕರಡಿಗೆ ಮಾತ್ರ.

ಅಂಥ ಒಂದು ದಿನ ಗಂಗಮಾಳವ್ವ ಬಂದಳು. ಗಂಡ ಮಾರ್ಕೆಟ್ಟಿನಲ್ಲಿ ಹಮಾಲ. ಕಂಕುಳಲ್ಲಿ ಮಗಳು ನಿಂಬೆವ್ವ. ಮೂರು ತುಂಬಿದ್ದರೂ ಕೂಸು ಒಂದೂವರೆ ವರ್ಷದ್ದರಂತೆ ಇತ್ತು, ತುಟಿ ನೇರಳೆ ತಿಂದಂತೆ. ಗುಂಡಿಗೆಯಿಂದ ಪುಪ್ಪುಸಕ್ಕೆ ರಕ್ತ ಒಯ್ಯುವ ನಾಳಗಳು ಬಿಗಿದುಕೊಂಡಿವೆಯಂತೆ. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮ ಬರೆದ ಚೀಟಿಯನ್ನು ಅಯ್ಯನವರು ಓದಿದರು, ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಅದು ಗಂಡಸರು ಅತ್ತಿತ್ತ ನೋಡಿ, ದನಿ ಇಳಿಸಿ ಕೇಳುವ ಗುಳಿಗೆ.

ಅವರು ಒಳಗೆ ಹೋಗಿ ಡಾಕ್ಟರಮ್ಮನಿಗೆ ಫೋನು ಹಚ್ಚಿದರು. ಹೆಣ್ಣು ಕೂಸಿಗೆ ಇದನ್ನು ಕೊಡುವುದು ಹೇಗೆ, ಡಬ್ಬಿಯ ಮೇಲೆ ಈ ರೋಗದ ಹೆಸರೇ ಇಲ್ಲವಲ್ಲ ಎಂದು ಕೇಳಿದರು. ಆಕೆ ಸಿಟ್ಟಾಗಲಿಲ್ಲ.

"ಅಯ್ಯನವರ, ನಾಳ ಸಡಿಲ ಮಾಡೂದು ಅದರ ಕೆಲಸ. ಯಾವ ನಾಳ ಅಂತ ಗುಳಿಗಿಗೆ ಗೊತ್ತಿಲ್ಲ. ಪರವಾನಗಿ ಇರೂದು ಬ್ಯಾರೆದಕ್ಕ, ಖರೆ. ಆದ್ರ ಈ ಕೂಸಿಗೆ ಬ್ಯಾರೆ ದಾರಿ ನನ್ನ ಕಡೆ ಇಲ್ಲ. ಒಂದು ಹೊತ್ತೂ ತಪ್ಪಬಾರದು. ಒಮ್ಮೆಲೆ ನಿಲ್ಲಿಸಿದ್ರ ಕೊಡದಿದ್ದದ್ದಕ್ಕಿಂತ ಕೆಟ್ಟ."

ಅಯ್ಯನವರಿಗೆ ನಂಬಿಕೆ ಬಂತು. ಆದರೆ ಅವರು ಗುಳಿಗೆ ಬಿಡಿಸುತ್ತಿದ್ದಾಗ ಕಟ್ಟೆಯ ಮೇಲೆ ಕೂತಿದ್ದ ಹಳೇ ಗಿರಾಕಿ ಮಲಕಾಜಪ್ಪ ಇಣುಕಿದ.

"ಯವ್ವಾ, ಹಮಾಲಿ ಮಾಡೂ ಗಂಡಗ ಇಷ್ಟು ಲಗೂನ ಇದು ಬೇಕಾತೇನ? ಮೂಟಿ ಹೊತ್ತು ಹೊತ್ತು ಸುಸ್ತಾಗಿರಬೇಕು ಬಿಡು."

ನಿಂತವರು ನಕ್ಕರು. ಗಂಗಮಾಳವ್ವನಿಗೆ ಮಾತು ತಿಳಿಯಲಿಲ್ಲ, ನಗೆ ತಿಳಿಯಿತು. ಸೆರಗು ಎಳೆದುಕೊಂಡು ಕೂಸಿನ ಮುಖ ಮುಚ್ಚಿದಳು.

ಅಂದೇ ಅಯ್ಯನವರು ಮನಸ್ಸಿನಲ್ಲಿ ಒಂದು ನೇಮ ಮಾಡಿಕೊಂಡರು. ಈ ಗುಳಿಗೆಯ ಹೆಸರು ಆ ಮನೆಯ ಹೊಸ್ತಿಲು ದಾಟಬಾರದು. ಓಣಿಯಲ್ಲಿ ಓದಬಲ್ಲ ಹುಡುಗರಿದ್ದಾರೆ, ನಾಳೆ ಕೂಸಿಗೂ ಅಡ್ಡಹೆಸರು ಕಟ್ಟಿಯಾರು. ಚೀಟಿಯನ್ನು ತಮ್ಮ ಗಲ್ಲೆಪೆಟ್ಟಿಗೆಯಲ್ಲೇ ಇಟ್ಟುಕೊಂಡರು. ಪೊಟ್ಟಣದ ಮೇಲೆ ಏನೂ ಬರೆಯಲಿಲ್ಲ. "ಯಾರರ ಕೇಳಿದ್ರ ಎದೀ ಪುಡಿ ಅನ್ನವ್ವಾ" ಎಂದು ಹೇಳಿಕೊಟ್ಟರು. ಕರುಣೆಯಿಂದಲೇ ಹೇಳಿದರು. ನಾನು ಆ ಕೈಯ ಕೆಳಗೇ ಇದ್ದೆ, ಬಲ್ಲೆ.

ಕೂಸು ಚಿಗಿತುಕೊಂಡಿತು. ತುಟಿಗೆ ಬಣ್ಣ ಬಂತು. ಒಂದು ಸಲ ಅಂಗಡಿಯ ಮೆಟ್ಟಿಲನ್ನು ತಾನೇ ಹತ್ತಿ ಬಂದು, ಗೆದ್ದವಳ ಹಾಗೆ ಮಲಕಾಜಪ್ಪನ ತೊಡೆ ಹಿಡಿದು ನಿಂತಿತ್ತು. ಅವನು ಪೆಪ್ಪರಮೆಂಟು ಕೊಡಿಸಿದ.

ಯುಗಾದಿ ಸಮೀಪಿಸಿತು. ಪ್ರತಿ ವರ್ಷವೂ ಅಯ್ಯನವರು ಮಲ್ಲಯ್ಯನ ಕಂಬಿ ಹೊತ್ತವರ ಹಿಂದೆ ಶ್ರೀಶೈಲಕ್ಕೆ ನಡೆದು ಹೋಗುವವರು. ಅಂಗಡಿಗೆ ಬೀಗ, ಫೋನು ಒಯ್ಯುವಂತಿಲ್ಲ. ಮಲ್ಲಯ್ಯನ ದಾರಿಯಲ್ಲಿ ಬೇರೆ ಕರೆ ಕಿವಿಗೆ ಬೀಳಬಾರದೆಂಬುದು ಅವರ ವ್ರತ. ಅದೇ ಹೊತ್ತಿಗೆ ಗಂಗಮಾಳವ್ವ ತಮ್ಮನ ಮಗನ ತೊಟ್ಟಿಲಿಗೆಂದು ಹೊಳೆಯಾಚೆಯ ತವರಿಗೆ ಹೊರಟಿದ್ದಳು. ಅಷ್ಟು ದಿನದ ಪುಡಿ ಮೊದಲೇ ಕಟ್ಟಿಟ್ಟರೆ ಥಂಡಿ ಹಿಡಿಯುತ್ತದೆ. ಅಯ್ಯನವರು ಗುಳಿಗೆಗಳನ್ನೆಲ್ಲ ಹೆಸರು ಅಚ್ಚಾಗಿದ್ದ ಬೆಳ್ಳಿಹಾಳೆಯಿಂದ ಬಿಡಿಸಿ ಸಣ್ಣ ಶೀಶೆಗೆ ತುಂಬಿದರು. ಅರೆಯುವುದನ್ನೂ ಪಾಲು ಮಾಡುವುದನ್ನೂ ಕಲಿಸಿ, ನನ್ನನ್ನು ಅವಳ ಕೈಗಿತ್ತರು. ಬಂದಮೇಲೆ ತಿರುಗಿ ಕೊಡು ಎಂದರು.

ತವರಿನ ಅಡುಗೆಮನೆಯ ಗೂಡಿನಲ್ಲಿ ನಾನಿದ್ದೆ. ಅವಳು ಮಿಂದು, ದೀಪ ಹಚ್ಚಿ, ಆಮೇಲೆ ಅರೆಯುತ್ತಿದ್ದಳು. ಅವಳ ಕೈ ಅಯ್ಯನವರ ಕೈಗಿಂತ ಹಗುರ.

ತೊಟ್ಟಿಲ ಮರುದಿನ ಕೂಸಿಗೆ ಜ್ವರ ಬಂತು. ಆ ಊರಿನ ಡಾಕ್ಟರ ಚಿಕ್ಕ ಪ್ರಾಯದವನು, ಒಳ್ಳೆಯವನು. ಭರ್ತಿ ಮಾಡಿಕೊಂಡ. ನಡೆಯುತ್ತಿರುವ ಔಷಧಿ ಯಾವುದೆಂದು ಕೇಳಿದ. ಗಂಗಮಾಳವ್ವ ಶೀಶೆಯನ್ನೂ ನನ್ನನ್ನೂ ಮುಂದಿಟ್ಟಳು. ಅವನು ಗುಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದ. ಮೇಲೆ ಅಕ್ಷರವಿಲ್ಲದ ಬಿಳಿ ಗುಳಿಗೆ, ಅಂಥವು ನೂರಾರು. ಅಂಗಡಿಯ ಚೀಲದ ಮೇಲಿದ್ದ ನಂಬರಿಗೆ ಫೋನು ಮಾಡಿದ, ಮತ್ತೆ ಮಾಡಿದ. ಹುಬ್ಬಳ್ಳಿಗೂ ಮಾಡಿಸಿದ. ಡಾಕ್ಟರಮ್ಮನ ಹೆಸರು ಇವಳಿಗೆ ಗೊತ್ತಿರಲಿಲ್ಲ. ಹಬ್ಬದ ರಜೆಯಲ್ಲಿ ಅಲ್ಲಿ ಫೋನು ಎತ್ತಿದವರಿಗೆ ಕೂಸು ಗೊತ್ತಿರಲಿಲ್ಲ. ಹೆಸರಿಲ್ಲದ ಔಷಧಿಯ ಮೇಲೆ ಬೇರೆ ಔಷಧಿ ಕೊಟ್ಟರೆ ಅಪಾಯವಾದೀತು, ಹೆಸರು ಸಿಗುವವರೆಗೆ ಇದನ್ನು ನಿಲ್ಲಿಸೋಣ ಎಂದ. ಬಿಡಬಾರದಂತ್ರೀ ಎಂದು ಅವಳು ಅಂದಳು. ಯಾಕೆ ಎಂದರೆ ಹೇಳಲು ಬರಲಿಲ್ಲ.

ಜ್ವರ ಇಳಿಯಿತು. ಉಸಿರು ಏರಿತು. ನೇರಳೆ ಮತ್ತೆ ತುಟಿಗೆ ಬಂತು, ಆಮೇಲೆ ಉಗುರಿಗೆ. ಅವಳು ಒಮ್ಮೆ ನನ್ನನ್ನು ಮಡಿಲಲ್ಲಿಟ್ಟುಕೊಂಡು ಗುಂಡಿನ ಮೇಲೆ ಕೈಯಿಟ್ಟಳು. ಡಾಕ್ಟರ ಓದಿದವನಲ್ಲವೇ ಎಂದು ಕೈ ತೆಗೆದಳು. ನನ್ನೊಳಗೆ ಬಿದ್ದದ್ದನ್ನು ಅರೆಯಬಲ್ಲೆ, ನಾನಾಗಿ ಏನನ್ನೂ ನುಡಿಯಲಾರೆ. ದೇವರು ನನಗೆ ಬಾಯಿ ಕೊಟ್ಟದ್ದು ಅಷ್ಟಕ್ಕೇ. ಬೆಳಗಾಗುವಷ್ಟರಲ್ಲಿ ಕೂಸು ಇರಲಿಲ್ಲ.

ಈಗ ನನ್ನಲ್ಲಿ ಯಾರೂ ಏನನ್ನೂ ಅರೆಯುವುದಿಲ್ಲ. ಅಂಗಡಿಯ ಮೇಲಟ್ಟದಲ್ಲಿ ಖಾಲಿ ಡಬ್ಬಿಗಳ ನಡುವೆ ಮುದಿಯಾಗುತ್ತಿದ್ದೇನೆ. ಯಾರ ಮೇಲೆ ಸಿಟ್ಟಾಗಲಿ ಎಂದು ಹುಡುಕಿದೆ. ಬರೆದವಳು ಸರಿ, ನಿಲ್ಲಿಸಿದವನು ಸರಿ, ಮುಚ್ಚಿಟ್ಟವನ ಮನಸ್ಸು ಹಾಲು. ಎಲ್ಲರೂ ಒಳ್ಳೆಯವರಾಗಿದ್ದ ಕಡೆಯೂ ಕೂಸು ಸಾಯುತ್ತದೆಂದರೆ, ಮಲ್ಲಯ್ಯನೇ, ಯಾವ ದೇವರಿಗೆ ಹರಕೆ ಹೊರಬೇಕು?

ನಾನು ಈ ಅಟ್ಟಕ್ಕೆ ಬಂದದ್ದು ಹೀಗೆ. ಅಯ್ಯನವರು ಯಾತ್ರೆ ಮುಗಿಸಿ, ಬೊಬ್ಬೆಯೆದ್ದ ಕಾಲಲ್ಲಿ ಅಂಗಡಿ ತೆರೆದ ದಿನ ಗಂಗಮಾಳವ್ವ ಒಬ್ಬಳೇ ಬಂದಳು. ಕಂಕುಳು ಬರಿದಾಗಿತ್ತು. ಅವರು ಪ್ರಸಾದ ಹಿಡಿದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡರು. ನಡೆದದ್ದನ್ನು ಅವಳು ಅಳದೆ ಹೇಳಿದಳು. ಅವರು ಕೇಳಿದರು:

"ಗುಳಿಗಿ ಹೆಸರು ಕೇಳಿದಾಗ ಏನಂದಿ, ತಂಗೀ?"

"ಎದೀ ಪುಡಿ ಅಂದ್ನಿರೀ. ನೀವು ಹೇಳಿಕೊಟ್ಟಿದ್ರಲ್ಲಾ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಅವಳು ಸೆರಗಿನ ಮರೆಯಿಂದ ನನ್ನನ್ನೂ ಗುಂಡನ್ನೂ ತೆಗೆದು, ಎರಡೂ ಕೈಯಿಂದ ಅವರ ಮುಂದಿಟ್ಟಳು.

"ತೊಳದೀನ್ರಿ" ಎಂದಳು.