ಕೀ ಕೈಯಲ್ಲಿತ್ತು, ಎಂಜಿನ್ ಓಡುತ್ತಲೇ ಇತ್ತು

೨೦೧೪ರ ನವೆಂಬರ್ ೮, ಶನಿವಾರ, ಸಂಜೆ ಐದು ಗಂಟೆ ಹತ್ತು ನಿಮಿಷ. ಐಡಾಹೋದ ಗ್ರೇ ಮೇರ್ ಘಾಟಿಯ ನೆತ್ತಿಯಲ್ಲಿ ಹಾರ್ಲನ್ ಟಿಬಿಟ್ಸ್ ತನ್ನ ಹಳೆಯ ಡೀಸೆಲ್ ಟ್ರಕ್ಕನ್ನು ರಸ್ತೆಯಂಚಿಗೆ ನಿಲ್ಲಿಸಿದ. ಹಿಂದಿನ ಟ್ರೇಲರಿನಲ್ಲಿ ಕುದುರೆಗಳಿದ್ದವು. ಕಾಲು ಚಾಚಿಕೊಳ್ಳೋಣವೆಂದು ಕೀ ತಿರುಗಿಸಿ ಎಳೆದುಕೊಂಡ.

ಎಂಜಿನ್ ನಿಲ್ಲಲಿಲ್ಲ.

"ಆಫ್ ಮಾಡೋ," ಎಂದಳು ಪಕ್ಕದಲ್ಲಿದ್ದ ಹೆಂಡತಿ ಓಪಲ್.

"ಮಾಡಿದೀನಿ ಕಣೇ."

"ಮತ್ತೆ ಇದೇನು?"

ಹಾರ್ಲನ್ ಅಂಗೈ ಬಿಚ್ಚಿ ತೋರಿಸಿದ. ಕೀ ಅಲ್ಲೇ ಇತ್ತು. ಪೆಡಲಿನ ಮೇಲೆ ಅವನ ಕಾಲಿರಲಿಲ್ಲ. ಆದರೂ ಕಾಣದ ಯಾರದೋ ಬೂಟು ಒತ್ತುತ್ತಿರುವ ಹಾಗೆ ಸದ್ದು ತಾನಾಗಿ ಏರತೊಡಗಿತು. ಗೊರಗೊರ ಹೋಗಿ ಊಳಾಯಿತು, ಊಳು ಹೋಗಿ ಚೀತ್ಕಾರವಾಯಿತು. ಬಿಳಿನೀಲಿ ಹೊಗೆ ಕಿಟಕಿಗಳನ್ನು ಮುಚ್ಚಿತು. ಹಿಂದೆ ಕುದುರೆಗಳು ತಗಡಿಗೆ ಒದೆಯುತ್ತಿದ್ದವು. ಡ್ಯಾಶ್‌ಬೋರ್ಡಿನ ಮೇಲಿದ್ದ ಡೀಕನ ಕೈಗವಸು ನಡುಗುತ್ತ ನಡುಗುತ್ತ ಓಪಲಳತ್ತ ಸರಿಯಿತು. ಡೀಕ್ ಅವಳ ತಮ್ಮ. ಹೋದ ಚಳಿಗಾಲದಲ್ಲಿ ತೀರಿಕೊಂಡಿದ್ದ. ಟ್ರಕ್ಕು ಅವನದೇ.

ಹಾರ್ಲನ್ ಬ್ರೇಕನ್ನು ಇದ್ದಬದ್ದ ಬಲದಿಂದ ಒತ್ತಿ, ಕೊನೆಯ ಗೇರಿಗೆ ಹಾಕಿ, ಕ್ಲಚ್ ಬಿಟ್ಟ. ಟ್ರಕ್ಕು ಒಮ್ಮೆ ಮುಗ್ಗರಿಸಿ ಸದ್ದಡಗಿತು. ಬಾನೆಟ್ಟಿನ ಸಂದಿಯಲ್ಲಿ ಏನೋ ಮಬ್ಬುಗೆಂಪಾಗಿ ಹೊಳೆಯುತ್ತಿತ್ತು.

"ನೀನು ಡೀಸೆಲ್ ಪಂಪಿಗೆ ಕೈ ಹಾಕಿದ್ದು ಡೀಕ್‌ಗೆ ಇಷ್ಟ ಆಗಿಲ್ಲ," ಎಂದಳು ಓಪಲ್ ಮೆಲ್ಲಗೆ.

"ಸತ್ತೋನಿಗೆ ಪಂಪಿನ ವಿಷಯ ಯಾಕೆ?" ಎಂದ ಹಾರ್ಲನ್. ಅವನ ಮೊಣಕಾಲಿಗೆ ಆಪರೇಷನ್ ನಿಗದಿಯಾಗಿತ್ತು. ಆಮೇಲೆ ಚಳಿಗಾಲವಿಡೀ ಓಪಲ್ ಒಬ್ಬಳೇ ಕುದುರೆಗಳನ್ನು ಕಟ್ಟಿಕೊಂಡು ಈ ಘಾಟಿ ಹತ್ತಬೇಕು.

ಮರುದಿನ, ಟ್ರಕ್ಕನ್ನು ಮನೆಗೆ ಎಳೆಸಿ ತಂದ ಮೇಲೆ, ಪಕ್ಕದ ರ‍್ಯಾಂಚಿನ ಮೈಟೆ ಎಚೆವೆರಿ ಬಂದಳು. ಪೇಟೆಯ ಕಾಲೇಜಿನಲ್ಲಿ ಡೀಸೆಲ್ ಎಂಜಿನ್ ಪಾಠ ಹೇಳುವವಳು. ಗಾಳಿ ಒಳಹೋಗುವ ಕೊಳವೆ ಬಿಚ್ಚಿ ಬೆರಳಾಡಿಸಿದಳು. ಬೆರಳು ಎಣ್ಣೆಯಲ್ಲಿ ಮಿಂದು ಬಂತು.

"ಪಂಪಿಗೆ ಏನ್ ಮಾಡ್ದೆ, ಮುದುಕಪ್ಪ?"

"ಒಳಗಿನ ತಟ್ಟೇನ ಅರದಲ್ಲಿ ಉಜ್ಜಿದೆ. ಡೀಸೆಲ್ ಜಾಸ್ತಿ ಹೋಗ್ಲಿ ಅಂತ. ಹೊಗೆ ನೋಡ್ಬೇಕಿತ್ತು ನೀನು, ಕಾಗೆ ಕಪ್ಪು! ಕೆಫೆ ಮುಂದೆ ಎಲ್ರೂ ಚಪ್ಪಾಳೆ ಹೊಡೆದ್ರು."

"ಚಪ್ಪಾಳೆ ಬಿದ್ದಿದ್ದು ಉರೀದೆ ಹೋದ ಡೀಸೆಲ್‌ಗೆ. ಕಪ್ಪು ಹೊಗೆ ಅಂದ್ರೆ ಗಾಳಿ ಸಾಲ್ತಿಲ್ಲ, ಕಾವು ಏರ್ತಿದೆ ಅಂತ."

"ಕಾವಿಗೆ ಮೀಟರ್ ಹಾಕಿದೀನಲ್ಲಮ್ಮ! ಸಾವಿರದ ನೂರು ಫ್ಯಾರನ್‌ಹೀಟ್ ದಾಟೇ ಇಲ್ಲ."

ಮೈಟೆ ಬಗ್ಗಿ, ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೋವನ್ನು ನೋಡಿ ನಕ್ಕಳು. ನಗು ಅಲ್ಲೇ ಆರಿತು. "ಟರ್ಬೋ ದಾಟಿದ ಮೇಲಿನ ಕೊಳವೇಲಿ ಕೂರ್ಸಿದೀಯ."

"ಅಲ್ಲಿ ತೂತು ಕೊರೆಯೋದು ಸುಲಭ. ಇಲ್ಲಿ ಎಲ್ರೂ ಹಂಗೇ ಹಾಕೋದು."

"ಅಷ್ಟು ಹೊತ್ತಿಗೆ ಕಾವು ಮುನ್ನೂರು ಡಿಗ್ರಿಯಷ್ಟು ಕಮ್ಮಿ ಆಗಿರ್ಬೋದು ಕಣಪ್ಪ. ಒಲೆಯೊಳಗಿನ ಬೆಂಕೀನ ಚಿಮಣಿ ತುದೀಲಿ ಅಳೆದ ಹಾಗೆ. ಎಂಜಿನ್ ತಿಂದಿದ್ದು ಸಾವಿರದ ನಾನೂರು."

"ಅದಿರ್ಲಿ," ಎಂದಳು ಓಪಲ್. "ಕೀ ತೆಗೆದ ಮೇಲೆ ಓಡಿಸಿದ್ದು ಯಾರು?"

"ಕೀ ತಡೆಯೋದು ಪಂಪಿನ ಡೀಸೆಲ್‌ನ ಮಾತ್ರ. ಪ್ರತಿ ಸಲ ಏರು ಹತ್ತಿದ ಕೂಡ್ಲೇ, ಟರ್ಬೋ ಕೆಂಡದ ಹಾಗಿರುವಾಗ್ಲೇ ಇವನು ಆಫ್ ಮಾಡಿದ. ಒಳಗಿನ ಎಣ್ಣೆ ಸುಟ್ಟು ಕರಿ ಕಟ್ತು. ಬೇರಿಂಗ್ ಸವೀತು, ಎಣ್ಣೆ ತಡೆಯೋ ಸೀಲ್ ಹೋಯ್ತು. ಎಣ್ಣೆ ಗಾಳಿ ದಾರೀಲಿ ಎಂಜಿನ್ನಿಗೆ ಹೋಗಿ ಡೀಸೆಲ್ ಬದಲು ಉರೀತು. ನಿನ್ನೆ ಎಂಜಿನ್ ತನ್ನ ರಕ್ತ ತಾನೇ ಕುಡೀತಾ ಓಡ್ತಿತ್ತು."

ಓಪಲ್ ಕೈಗವಸಿನತ್ತ ನೋಡಿದಳು. "ಓಡಿಸಿದ್ದು ಡೀಕ್ ಆಗಿದ್ರೇ ವಾಸಿ ಇತ್ತು," ಎಂದಳು.

"ಹಂಗಾದ್ರೆ ಶಕ್ತಿ ಏರಿಸ್ಲೇಬಾರ್ದು ಅಂತೀಯ?" ಹಾರ್ಲನ್ ಮುಖ ಊದಿಸಿದ. "ಆ ಏರಲ್ಲಿ ಇವಳು ಕುದುರೆಗಳ್ನ ಹೊತ್ಕೊಂಡು ಹೋಗ್ಬೇಕಾ?"

"ಬೇಡ ಅಂದೋರ್ಯಾರು? ಮೊದ್ಲು ಮೀಟರ್ ಟರ್ಬೋಗಿಂತ ಮುಂಚೆ ಬರ್ಲಿ. ಆಮೇಲೆ ಗಾಳಿ: ಒಳ್ಳೆ ಟರ್ಬೋ, ಸೋರದ ಕೊಳವೆ, ಹೊಸ ಫಿಲ್ಟರ್. ಕ್ಲಚ್ಚು, ಬ್ರೇಕು ಆ ಬಲ ತಾಳ್ತವಾ ನೋಡೋಣ. ಡೀಸೆಲ್ ಕಡೇಲಿ. ಅದೂ ಚೂರು ಚೂರೇ."

ರಿಪೇರಿಯೆಲ್ಲ ಮುಗಿದ ಮೇಲೆ ಒಂದು ಸಂಜೆ ಓಪಲ್ ಸ್ಟೀರಿಂಗ್ ಹಿಡಿದಳು. ಹೊಗೆಯಿಲ್ಲದೆ ಟ್ರಕ್ಕು ಮೊದಲಿಗಿಂತ ಬಿರುಸಾಗಿ ಹತ್ತಿತು. ಮೀಟರಿನ ಮುಳ್ಳು ಸಾವಿರದ ಇನ್ನೂರೈವತ್ತರ ಸಮೀಪ ಬಂದಾಗ ಅವಳು ಪೆಡಲ್ ಸಡಿಲಿಸಿ ಗೇರ್ ಇಳಿಸಿದಳು. ನೆತ್ತಿಯ ಮೇಲೆ, ಅದೇ ಜಾಗದಲ್ಲಿ ನಿಲ್ಲಿಸಿದಳು. ಕೀ ಮುಟ್ಟಲಿಲ್ಲ.

"ಆಫ್ ಮಾಡಲ್ವಾ?"

"ಬಾಯ್ಮುಚ್ಚು. ಮುಳ್ಳು ಇಳೀಲಿ."

ಇಬ್ಬರೂ ಕೈಗವಸನ್ನೇ ನೋಡುತ್ತ ಕುಳಿತರು. ಕೊನೆಗೆ ಅವಳು ಕೀ ತಿರುಗಿಸಿದಳು. ಎಂಜಿನ್ ನಿಂತಿತು. ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ಕೈಗವಸು ಇದ್ದಲ್ಲೇ ಇತ್ತು.

ನಿಮ್ಮ ಮನೆಯ ಹಳೆಯ ಟರ್ಬೋ ಡೀಸೆಲ್ ಗಾಡಿಗೂ ಶಕ್ತಿ ಬೇಕೆನಿಸಿದರೆ ಹೊಗೆಯನ್ನು ನಂಬಬೇಡಿ. ಟರ್ಬೋಗೆ ಮುಂಚೆ ಕಾವಿನ ಮೀಟರ್ ಹಾಕಿಸಿ, ಗಾಳಿ ಸರಿಮಾಡಿಸಿ, ಆಮೇಲಷ್ಟೇ ಡೀಸೆಲ್ ಏರಿಸಿ. ಕೀ ತೆಗೆದರೂ ಎಂಜಿನ್ ಓಡಿದರೆ ಬ್ರೇಕ್ ಒತ್ತಿ ಕೊನೆಯ ಗೇರಿನಲ್ಲಿ ಕ್ಲಚ್ ಬಿಡಿ, ಇಲ್ಲವೇ ಎಂಜಿನ್ನಿಗೆ ಗಾಳಿ ಹೋಗುವ ಬಾಯಿಗೆ ಗಟ್ಟಿ ಹಲಗೆ ಒತ್ತಿ ಮುಚ್ಚಿ. ಕೈ ಮಾತ್ರ ಒಡ್ಡಬೇಡಿ. ಏರು ಹತ್ತಿದ ಮೇಲೆ ಎಂಜಿನ್ನನ್ನು ಸುಮ್ಮನೆ ಓಡಲು ಬಿಟ್ಟು, ಕಾವು ಇಳಿಯುವವರೆಗೆ ಕಾಯಿರಿ. ಓಪಲ್ ಕೀ ತಿರುಗಿಸಿದಾಗ ಮುಳ್ಳು ತೋರಿಸುತ್ತಿದ್ದದ್ದು ಮುನ್ನೂರ ನಲವತ್ತು ಡಿಗ್ರಿ ಫ್ಯಾರನ್‌ಹೀಟ್.